ಊರ ಕಡೆ ಹೈಸ್ಕೂಲ್ ಹುಡುಕುವವರಿಗೆ: ಗೇಟಿನ ಮೇಲಿನ ಫ್ಲೆಕ್ಸ್ ಓದುವ ಬಗೆ

ಮೇ ತಿಂಗಳು ಬಂತಂದ್ರೆ ಹೊರದೇಶದಲ್ಲಿರುವ ನಮ್ಮ ಕಡೆಯವರ ಗುಂಪಿನಲ್ಲಿ ಇದೇ ಪ್ರಶ್ನೆ: "ಬಳ್ಳಾರಿಗೆ ವಾಪಸ್ ಹೊರಟಿದ್ದೀವಿ, ಮಗಳು ಎಂಟನೇ ಕ್ಲಾಸು, ಯಾವ ಹೈಸ್ಕೂಲ್ ಚಲೋ?" ರಾಯಚೂರು, ಕೊಪ್ಪಳದವರೂ ಇದನ್ನೇ ಕೇಳುತ್ತಾರೆ. ಇಂಥ ಶಾಲೆ ಅಂತ ಹೆಸರು ಹೇಳುವುದಕ್ಕಿಂತ, ಶಾಲೆಯನ್ನು ಹೇಗೆ ನೋಡಬೇಕು ಅಂತ ಹೇಳುವುದು ಮೇಲು.

ಗೇಟಿನ ಮೇಲೆ "ಎಸ್ಸೆಸ್ಸೆಲ್ಸಿ ಶೇ 100" ಅಂತ ಇದ್ದರೆ, ಎಂಟನೇ ತರಗತಿಗೆ ಸೇರಿದವರೆಷ್ಟು, ಹತ್ತನೆಯ ಪರೀಕ್ಷೆಗೆ ಕೂತವರೆಷ್ಟು ಅಂತ ಕೇಳಿ. ಅರವತ್ತು ಮಂದಿ ಸೇರಿ ನಲವತ್ತು ಮಂದಿ ಕೂತಿದ್ದರೆ, ನಡುವೆ ಬಿಟ್ಟುಹೋದ ಇಪ್ಪತ್ತು ಮಂದಿಯ ಲೆಕ್ಕವೇ ಆ ಶಾಲೆಯ ನಿಜವಾದ ಫಲಿತಾಂಶ. ವರ್ಷವನ್ನೂ ನೋಡಿ. 2023ರಲ್ಲಿ ಇಡೀ ರಾಜ್ಯದ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾದಿಂದ ನೇರ ನಿಗಾ ಇಡುವ ವೆಬ್‌ಕಾಸ್ಟಿಂಗ್ ಬಂತು. ಗ್ರೇಸ್ ಅಂಕ ಕೊಟ್ಟರೂ ಅದು ಶೇ 73.40ಕ್ಕೆ ಇಳಿಯಿತು. ಆದ್ದರಿಂದ 2024ರಲ್ಲೂ ಕುಸಿಯದೆ ನಿಂತ ಶಾಲೆಗೆ ಹೆಚ್ಚು ಬೆಲೆ ಕೊಡಿ.

ಆಮೇಲೆ ಪ್ರತಿಭಾ ಕಾರಂಜಿ, ಅಂದರೆ ಶಿಕ್ಷಣ ಇಲಾಖೆ ನಡೆಸುವ ಶಾಲಾ ಮಕ್ಕಳ ಸಾಂಸ್ಕೃತಿಕ ಸ್ಪರ್ಧೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಹಂತಗಳಿವೆ. ಬಹುಮಾನದ ಪಟ್ಟಿಯಲ್ಲಿ ಎಷ್ಟು ಬೇರೆ ಬೇರೆ ಮಕ್ಕಳ ಹೆಸರಿವೆ ಅಂತ ಎಣಿಸಿ. ಭಾವಗೀತೆ, ಆಶುಭಾಷಣ, ಚರ್ಚೆ ಎಲ್ಲಕ್ಕೂ ಅದೇ ಮೂವರನ್ನು ಕಳಿಸುವ ಶಾಲೆಯಲ್ಲಿ ನಿಮ್ಮ ಹೊಸ ಮಗು ಮೂರು ವರ್ಷವೂ ಚಪ್ಪಾಳೆ ತಟ್ಟುತ್ತಾ ಕೂರಬೇಕಾಗುತ್ತದೆ. ಕೊನೇ ಸ್ಥಾನ ಬಂದರೂ ಕವಾಲಿಗೊಂದು ತಂಡ, ಜಾನಪದ ನೃತ್ಯಕ್ಕೊಂದು ತಂಡ ಕಟ್ಟುವ ಶಾಲೆ ಸಾವಿರ ಪಾಲು ವಾಸಿ.

ಮೈದಾನ ನೋಡದೆ ಅಡ್ಮಿಷನ್ ಮಾಡಿಸಬೇಡಿ. ರಾಯಚೂರು, ಸಿಂಧನೂರು ಕಡೆ ಎರೆ ಭೂಮಿ. ಬೇಸಿಗೆಯಲ್ಲಿ ಅಂಗೈ ಹಿಡಿಸುವಷ್ಟು ಬಿರುಕು, ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುವ ಕೆಸರು. ಇಲಾಖೆಯ ಕ್ರೀಡಾಕೂಟಗಳು ಶುರುವಾಗುವುದೇ ಮಳೆಗಾಲದಲ್ಲಿ. ಗರಸು (ಗಟ್ಟಿ ಒರಟು ಮಣ್ಣು) ಹಾಕಿ, ನೀರು ಹೊಡೆದು, ರೋಲರ್ ಎಳೆಯದ ಮೈದಾನದಲ್ಲಿ ಆ ಹೊತ್ತಿಗೆ ಅಭ್ಯಾಸವೇ ಆಗುವುದಿಲ್ಲ. ಖೋ-ಖೋ ಅಂಕಣಕ್ಕೆ ಬೇಕಾದದ್ದು 27 ಮೀಟರ್ ಉದ್ದ, 16 ಮೀಟರ್ ಅಗಲ ಅಷ್ಟೇ. ಎರಡು ಕಂಬ ನೆಟ್ಟಗೆ ನಿಂತಿವೆಯೇ, ಅವುಗಳ ಸುತ್ತ ಹುಲ್ಲು ಬೆಳೆದಿದೆಯೇ, ಕಾಲು ತುಳಿದು ನೆಲ ನುಣ್ಣಗಾಗಿದೆಯೇ? ನೆಲ ಸುಳ್ಳು ಹೇಳುವುದಿಲ್ಲ. ಹಳೆ ಶಾಲೆಗೆ ಏನಾದರೂ ಕೊಡಬೇಕು ಅನ್ನುವವರು ಇನ್ನೊಂದು ಸ್ಮಾರ್ಟ್ ಬೋರ್ಡಿಗಿಂತ ನಾಲ್ಕು ಟ್ರಿಪ್ ಗರಸಿಗೆ ದುಡ್ಡು ಕೊಡಿ.

ಪ್ರವಾಸದ ಬಗ್ಗೆಯೂ ಕೇಳಿ. ಊಟಿಗೆ ಹೋಗಿಬಂದದ್ದು ದೊಡ್ಡದಲ್ಲ. ಸಿಂಧನೂರಿನ ಶಾಲೆ ಮಕ್ಕಳನ್ನು ಮಸ್ಕಿಗೆ ಕರೆದೊಯ್ದು, 1915ರಲ್ಲಿ 'ಅಶೋಕ' ಎಂಬ ಹೆಸರು ಸಿಕ್ಕ ಶಾಸನವನ್ನು ತೋರಿಸಿದೆಯೇ? ಬಳ್ಳಾರಿಯ ಶಾಲೆ ಊರಂಚಿನ ಸಂಗನಕಲ್ಲು ಗುಡ್ಡ ಹತ್ತಿಸಿ, ಆಮೇಲೆ ಶಿಲಾಯುಗದ ನೆಲೆಗಳನ್ನು ಹುಡುಕಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂನಲ್ಲಿ ಕಲ್ಲುಕೊಡಲಿಗಳನ್ನು ತೋರಿಸಿದೆಯೇ? ಕೊಪ್ಪಳದ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅದೇ ಜಿಲ್ಲೆಯ ಮಕ್ಕಳು ತೊಗಲುಗೊಂಬೆಯನ್ನು ಪರದೆಯ ಹಿಂದೆ ನಿಂತು ಒಮ್ಮೆಯಾದರೂ ಕೈಯಲ್ಲಿ ಹಿಡಿದಿರಬೇಕು.

ದೋಹಾದಲ್ಲಿರುವ ಗುಂಪಿನ ಸದಸ್ಯರೊಬ್ಬರ ಸೇರ್ಪಡೆ:

ಮೇಲಿನದ್ದೆಲ್ಲ ಸರಿ, ಆದರೆ ಕಾಗದಪತ್ರದಿಂದಲೇ ಬಾಗಿಲು ಮುಚ್ಚುವುದುಂಟು. ಎನ್‌ಸಿಸಿಗೆ ಭಾರತದ ಪ್ರಜೆಯಾಗಿರಬೇಕು, ಇಲ್ಲವೇ ನೇಪಾಳದವರಾಗಿರಬೇಕು. ಓಸಿಐ ಕಾರ್ಡಿನ (ಭಾರತ ಮೂಲದ, ವಿದೇಶಿ ಪೌರತ್ವದ) ಮಗುವಿಗೆ ಸಮವಸ್ತ್ರದ ಆಸೆ ಹುಟ್ಟಿಸುವ ಮುಂಚೆ ಇದನ್ನು ತಿಳಿಸಿ. ಭಾರತದ ಪಾಸ್‌ಪೋರ್ಟ್ ಇದ್ದರೆ ಬಂದ ಕೂಡಲೇ ಆಧಾರ್ ಮಾಡಿಸಬಹುದು. ಓಸಿಐ ಆದರೆ ಹಿಂದಿನ 12 ತಿಂಗಳಲ್ಲಿ 182 ದಿನ ದೇಶದಲ್ಲಿ ಇದ್ದಿರಬೇಕು. ಇನ್‌ಸ್ಪೈರ್ ಅವಾರ್ಡಿಗೆ (ಮಕ್ಕಳ ವಿಜ್ಞಾನದ ಐಡಿಯಾಗಳಿಗೆ ಕೇಂದ್ರ ಸರ್ಕಾರದ ಯೋಜನೆ) ಒಂದು ಶಾಲೆಯಿಂದ ಐದು ಐಡಿಯಾ ಕಳಿಸಬಹುದು, ಆಯ್ಕೆಯಾದರೆ 10,000 ರೂಪಾಯಿ ಬರುವುದು ಮಗುವಿನ ಖಾತೆಗೇ. ಮಳೆಗಾಲ ಮುಗಿಯುವ ಮೊದಲೇ ಖಾತೆ ತೆರೆದಿಡಿ.

ಕುಕನೂರು, ಮುದಗಲ್ಲಿನ ನವೋದಯ ವಸತಿ ಶಾಲೆಗಳ ಮೇಲೆ ಕಣ್ಣಿಟ್ಟವರಿಗೆ: 9ನೇ ತರಗತಿಗೆ ಖಾಲಿ ಸೀಟಿದ್ದರೆ ಮಾತ್ರ ಪರೀಕ್ಷೆ, ಅದಕ್ಕೂ 8ನೆಯದನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು.

ಕನ್ನಡ ಮಾತಾಡಲು ಬಂದು ಬರೆಯಲು ಬಾರದ ಮಗುವಾದರೆ, ರಾಜ್ಯ ಪಠ್ಯಕ್ರಮದಲ್ಲಿ ಪ್ರಥಮ ಭಾಷೆಗೆ 2025ರ ಎಸ್ಸೆಸ್ಸೆಲ್ಸಿಯಲ್ಲಿ 125 ಅಂಕ ಇತ್ತು ಅನ್ನುವುದು ನೆನಪಿರಲಿ. ಇಂಗ್ಲಿಷ್ ಪ್ರಥಮ, ಕನ್ನಡ ದ್ವಿತೀಯ ತೆಗೆದುಕೊಳ್ಳಲು ಆ ಶಾಲೆಯಲ್ಲಿ ಅವಕಾಶ ಇದೆಯೇ ಅಂತ ಫೀಸ್ ಕಟ್ಟುವ ಮೊದಲೇ ಕೇಳಿ. ಬರವಣಿಗೆ ಕುದುರುವ ತನಕ ಪ್ರತಿಭಾ ಕಾರಂಜಿಯ ಕನ್ನಡ ಭಾಷಣಕ್ಕೆ ಸೇರಿಸಿ. ಬಾಯಿಪಾಠ ಮಾಡಿದ್ದನ್ನೇ ಸಂಜೆ ನೋಡದೆ ಬರೆಸಿದರೆ ಒತ್ತಕ್ಷರ ಬೇಗ ಕೈಗೆ ಕೂರುತ್ತದೆ.