ಸೌತೆ ಮಿಡಿ ಹಳದಿಯಾಗಿ ಉದುರುತ್ತಿದೆ, ಏನು ಹಾಕಲಿ?

ಕೇಳಿದವರು:

ಆರು ಸೌತೆ ಬಳ್ಳಿ ಹಾಕಿದ್ದೇನೆ. ನಾಲ್ಕು ನೆಲದಲ್ಲಿ, ಎರಡು ಕುಂಡದಲ್ಲಿ. ಬೀಜ ಹಾಕಿ ಏಳು ವಾರ ಆಯ್ತು. ಬಳ್ಳಿ ಚಪ್ಪರದ ತುದಿ ಮುಟ್ಟಿದೆ, ಹೂವೂ ಬೇಕಾದಷ್ಟು ಬಿಡುತ್ತಿದೆ. ಕಾಯಿ ಮಾತ್ರ ಇಲ್ಲ. ಬೆರಳುದ್ದ ಆಗುವಷ್ಟರಲ್ಲಿ ಮಿಡಿ ಹಳದಿಯಾಗಿ ಉದುರುತ್ತದೆ. ಉಳಿದ ಎರಡರಲ್ಲಿ ಒಂದು ಕೊಕ್ಕೆಯ ಹಾಗೆ ಬಗ್ಗಿದೆ, ಇನ್ನೊಂದು ಕುಂಡದ್ದು, ಕಿತ್ತು ತಿಂದರೆ ಬರೀ ಕಹಿ. ಕೆಳಗಿನ ಎಲೆಗಳ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಮಚ್ಚೆ ಬೇರೆ.

ಇಲ್ಲಿವರೆಗೆ ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಮೊಟ್ಟೆ ಚಿಪ್ಪು, ಎರಡು ಸಲ ಯೂರಿಯಾ ಕೊಟ್ಟಿದ್ದೇನೆ. ಇನ್ನೇನು ಹಾಕಬೇಕು? ಮನೆಯಲ್ಲೇ ಸಿಗುವಂಥದ್ದಾದರೆ ಒಳ್ಳೆಯದು. ಬೆಳೆದ ಅನುಭವ ಇರುವವರು ಹೇಳಿ.

ತುಂಬಾ ವರ್ಷಗಳಿಂದ ಬೆಳೆಯುತ್ತಿರುವವರು:

ಸದ್ಯಕ್ಕೆ ಏನೂ ಹಾಕಬೇಡಿ. ಯೂರಿಯಾ ಅಂತೂ ಬೇಡವೇ ಬೇಡ. ಅದರಲ್ಲಿ ನೂರಕ್ಕೆ 46 ಭಾಗ ಸಾರಜನಕ. ಸಾರಜನಕ ಜಾಸ್ತಿಯಾದರೆ ಬಳ್ಳಿ ಎಲೆ ಬೆಳೆಸುತ್ತಾ ಕೂರುತ್ತದೆ, ಹೆಣ್ಣು ಹೂ ಕಡಿಮೆಯಾಗುತ್ತದೆ. ನೀವು ಎಷ್ಟು ಹಾಕಿದಿರೋ ಗೊತ್ತಿಲ್ಲ, ಬಳ್ಳಿ ನೋಡಿದರೆ ಸಾಕಷ್ಟು ಉಂಡಿದೆ ಅನ್ನಿಸುತ್ತದೆ.

ಈಗ ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಬಿಸಿಲು ಏರುವ ಮೊದಲು ಬಳ್ಳಿ ಹತ್ತಿರ ಹೋಗಿ ಅರ್ಧ ಗಂಟೆ ಸುಮ್ನೆ ನಿಂತುಕೊಳ್ಳಿ. ಜೇನು ಬರುತ್ತದಾ ನೋಡಿ. ಸೌತೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡು ಹೂವಿಗೆ ಬರೀ ತೆಳ್ಳನೆ ತೊಟ್ಟು. ಹೆಣ್ಣು ಹೂವಿನ ಹಿಂದೆ ಮುಳ್ಳುಮುಳ್ಳಾದ ಪುಟ್ಟ ಸೌತೆಕಾಯಿಯೇ ಇರುತ್ತದೆ. ಅದನ್ನು ನೋಡಿ 'ಕಾಯಿ ಕಚ್ಚಿತು' ಅಂದುಕೊಳ್ಳುತ್ತೇವೆ. ಇನ್ನೂ ಕಚ್ಚಿರುವುದಿಲ್ಲ. ಪರಾಗ ಬೀಳದಿದ್ದರೆ ತುದಿಯಿಂದ ಹಳದಿಯಾಗಿ ಮುದುಡಿ ಬೀಳುತ್ತದೆ. ಅರ್ಧಂಬರ್ಧ ಬಿದ್ದರೆ ಒಂದು ಕಡೆ ಮಾತ್ರ ಬೆಳೆದು ಕೊಕ್ಕೆಯಾಗುತ್ತದೆ. ನಿಮ್ಮ ಕಥೆ ಇದೇ ಇರಬೇಕು.

ಜೇನು ಕಾಣದಿದ್ದರೆ ನೀವೇ ಜೇನು. ಆ ದಿನ ಅರಳಿದ ಗಂಡು ಹೂವನ್ನು ತೊಟ್ಟು ಸಮೇತ ಕಿತ್ತುಕೊಳ್ಳಿ. ಹಳದಿ ದಳಗಳನ್ನು ಹಿಂದಕ್ಕೆ ಮಡಚಿ ಕಿತ್ತುಬಿಡಿ. ನಡುವಿನ ಮೊಳೆಯಂಥದ್ದು ಉಳಿಯುತ್ತದೆ. ಬೆರಳಿಗೆ ಮುಟ್ಟಿಸಿ, ಹಳದಿ ಪುಡಿ ಅಂಟಿದರೆ ಹೂ ತಯಾರಾಗಿದೆ ಅಂತ. ಅದನ್ನು ಹೆಣ್ಣು ಹೂವಿನ ಒಳಗೆ, ನಡುವಿನ ಅಂಟಂಟಾದ ಗಂಟಿಗೆ ಸುತ್ತಲೂ ಮೆಲ್ಲಗೆ ಸವರಿ. ಒಂದೇ ಬದಿಗೆ ಸವರಿದರೆ ಮತ್ತೆ ಕೊಕ್ಕೆಯೇ ಗತಿ. ಆಮೇಲೆ ತೊಟ್ಟಿಗೆ ಒಂದು ದಾರ ಸಡಿಲವಾಗಿ ಕಟ್ಟಿ, ಯಾವುದಕ್ಕೆ ಮಾಡಿದಿರಿ ಅಂತ ಗೊತ್ತಾಗಲಿ. ಹೂ ಅರಳಿರುವುದು ಒಂದೇ ದಿನ, ಆದ್ದರಿಂದ 'ಸಂಜೆ ಮಾಡೋಣ' ಅನ್ನಬೇಡಿ.

ಬೀಜದ ಪೊಟ್ಟಣ ಇದ್ದರೆ ಒಮ್ಮೆ ಓದಿ. ಪರಾಗ ಬೇಡದೆಯೇ ಕಾಯಿ ಬಿಡುವ ತಳಿಗಳೂ ಇವೆ. ನಿಮ್ಮದು ಅದಾದರೆ ನಾನು ಹೇಳಿದ್ದೆಲ್ಲ ಬಿಟ್ಟುಬಿಡಿ.

ಬಿಳಿ ಮಚ್ಚೆ ಬಗ್ಗೆ ಇನ್ನೊಬ್ಬರು:

ಅದು ಬೂದಿ ರೋಗ ಇರಬಹುದು. ಬೆರಳಿನಲ್ಲಿ ಉಜ್ಜಿ ನೋಡಿ, ಹಿಟ್ಟು ಅಂಟಿದರೆ ಹೌದು. ಇದಕ್ಕೆ ನಾನು ಹಾಲು ಬಳಸುತ್ತೇನೆ. ಒಂದು ಪಾಲು ಹಾಲು, ಒಂಬತ್ತು ಪಾಲು ನೀರು. ವಾರಕ್ಕೊಮ್ಮೆ ಬೆಳಗಿನ ಬಿಸಿಲಿನಲ್ಲಿ ಎಲೆಯ ಎರಡೂ ಬದಿಗೆ ಸಿಂಪಡಿಸಬೇಕು. ಅಜ್ಜಿ ಮದ್ದು ಅಂತ ನಗಬೇಡಿ. ಬ್ರೆಜಿಲ್‌ನ ವಾಗ್ನರ್ ಬೆಟ್ಟಿಯೋಲ್ ಎಂಬ ಸಂಶೋಧಕರು ಇದನ್ನು ಸೌತೆಯ ಸಂಬಂಧಿಯಾದ ಜುಕಿನಿ ಮೇಲೆ ಪ್ರಯೋಗ ಮಾಡಿ 1999ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ರೋಗ ಚೆನ್ನಾಗಿಯೇ ಹತೋಟಿಗೆ ಬಂದಿತ್ತು.

ಆದರೆ ಇದು ಶುರುವಿನಲ್ಲೇ ಮಾಡಬೇಕಾದ ಕೆಲಸ. ಎಲೆ ಪೂರ್ತಿ ಬೆಳ್ಳಗಾದ ಮೇಲೆ ಬಿಂದಿಗೆ ಹಾಲು ಸುರಿದರೂ ಹಸಿರಾಗುವುದಿಲ್ಲ. ಅಂಥ ಎಲೆ ಕತ್ತರಿಸಿ ತೆಗೆಯಿರಿ. ಒಂದೇ ಸಲಕ್ಕೆ ಎಲ್ಲ ಬೋಳಿಸಬೇಡಿ ಮತ್ತೆ. ನಾನೊಮ್ಮೆ ಜಾಸ್ತಿ ಗಟ್ಟಿ ಇರಲಿ ಅಂತ ಅರ್ಧಕ್ಕರ್ಧ ಹಾಲು ಬೆರೆಸಿದ್ದೆ. ಮೂರೇ ದಿನಕ್ಕೆ ಹುಳಿ ವಾಸನೆ, ಎಲೆ ಮೇಲೆ ಬೂಷ್ಟು.

ಅಡುಗೆ ಸೋಡಾ ಕೂಡ ಹೇಳುತ್ತಾರೆ. ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರಲ್ಲಿ ಸೋಡಿಯಂ ಇದೆ, ಪದೇ ಪದೇ ಹೊಡೆದರೆ ಎಲೆ ಅಂಚು ಸುಡುತ್ತದೆ. ಹಾಲು ಇರುವಾಗ ಅದರ ಸಹವಾಸ ಯಾಕೆ?

ಕುಂಡದಲ್ಲಷ್ಟೇ ಬೆಳೆಯುವವರು:

ಕಹಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಕಹಿಗೆ ಕಾರಣ ಕುಕುರ್ಬಿಟಾಸಿನ್ ಅನ್ನುವ ವಸ್ತು. ಬಳ್ಳಿಯಲ್ಲಿ ಅದು ಇದ್ದೇ ಇರುತ್ತದೆ. ಬಿಸಿಲಿಗೆ ಬಾಡಿ, ನೀರಿಲ್ಲದೆ ಒದ್ದಾಡಿದಾಗ ಕಾಯಿಗೂ ಇಳಿಯುತ್ತದೆ. ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ ಜಾಸ್ತಿ. ಸೌತೆ ಬೇರು ಆಳಕ್ಕೆ ಹೋಗುವ ಪೈಕಿ ಅಲ್ಲ, ಬಹುಪಾಲು ಮೇಲಿನ ಒಂದಡಿಯಲ್ಲೇ ಇರುತ್ತದೆ. ಕುಂಡದಲ್ಲಂತೂ ಮಧ್ಯಾಹ್ನದ ಹೊತ್ತಿಗೆ ಮಣ್ಣು ಒಣಗಿ ಸಂಜೆ ಮತ್ತೆ ಕೆಸರು. ಈ ಏರಿಳಿತವೇ ಅದಕ್ಕೆ ಆಗಿಬರುವುದಿಲ್ಲ.

ನಿಮ್ಮ ಕುಂಡ ಎಷ್ಟು ದೊಡ್ಡದು? ಒಂದು ಬಳ್ಳಿಗೆ 15ರಿಂದ 20 ಲೀಟರ್ ಮಣ್ಣು ಹಿಡಿಯುವಂಥದ್ದು ಬೇಕು. ಮೊದಲ ವರ್ಷ ನಾನು ಐದು ಲೀಟರ್ ಬಕೆಟ್‌ನಲ್ಲಿ ಹಾಕಿ, ದಿನಕ್ಕೆರಡು ಸಲ ನೀರು ಹೊತ್ತು, ಕೊನೆಗೆ ಸಿಕ್ಕಿದ್ದು ನಾಲ್ಕು ಕಾಯಿ. ನಾಲ್ಕೂ ಕಹಿ! ಈಗ ಬುಡಕ್ಕೆ ಎರಡು ಬೆರಳು ದಪ್ಪ ಒಣ ಎಲೆ ಹೊದಿಸುತ್ತೇನೆ. ನೀರು ಬುಡಕ್ಕೇ, ಬೆಳಿಗ್ಗೆಯೇ. ಮಣ್ಣಿನೊಳಗೆ ಬೆರಳು ತೂರಿಸಿ ನೋಡಿ, ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ಮಾತ್ರ ನೀರು.

ಗೊಬ್ಬರದ ವಿಷಯಕ್ಕೆ ಇನ್ನೊಂದು ಉತ್ತರ:

ಬಾಳೆಸಿಪ್ಪೆ ನೀರಿನ ಮೇಲೆ ನನಗೆ ನಂಬಿಕೆ ಇಲ್ಲ, ಬೇಜಾರಾಗಬೇಡಿ. ಸಿಪ್ಪೆಯಲ್ಲಿ ಪೊಟ್ಯಾಷ್ ಇರುವುದು ನಿಜ. ಎರಡು ಸಿಪ್ಪೆ ನೆನೆಸಿದ ನೀರಿನಲ್ಲಿ ಎಷ್ಟು ಬಂದೀತು? ಬರುವುದು ನೊಣ. ಕತ್ತರಿಸಿ ಕಾಂಪೋಸ್ಟ್‌ಗೆ ಹಾಕಿ. ಮೊಟ್ಟೆ ಚಿಪ್ಪೂ ಹಾಗೆಯೇ, ಅದು ಸುಣ್ಣದ ಕಲ್ಲಿನ ಜಾತಿ. ಚೂರು ಚೂರಾಗಿ ಹಾಕಿದರೆ ಮುಂದಿನ ವರ್ಷವೂ ಮಣ್ಣಿನಲ್ಲಿ ಹಾಗೇ ಸಿಗುತ್ತದೆ. ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿದರೆ ನಿಧಾನವಾಗಿ ಉಪಯೋಗಕ್ಕೆ ಬರಬಹುದು, ಅದೂ ಈ ಬೆಳೆಗಲ್ಲ.

ಕಾಯಿಯ ಆಕಾರ ನೋಡಿ ಹೊಟ್ಟೆಗೆ ಏನು ಬೇಕು ಅಂತ ಒಂದು ಅಂದಾಜು ಮಾಡಬಹುದು. ತೊಟ್ಟಿನ ಕಡೆ ಸಣಕಲಾಗಿ ತುದಿ ಬುಡ್ಡೆಯ ಹಾಗೆ ಊದಿಕೊಂಡು, ಹಳೆಯ ಎಲೆಯ ಅಂಚು ಹಳದಿಯಾಗಿ ಕಂದಿದ್ದರೆ ಪೊಟ್ಯಾಷ್ ಸಾಲದು. ಕಾಯಿ ಬಿಳಿಚಿಕೊಂಡು ತುದಿ ಚೂಪಾಗಿ, ಕೆಳಗಿನ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲದು. ಹಳೆಯ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಅಂದರೆ ಮೆಗ್ನೀಷಿಯಂ. ಅದಕ್ಕೆ ಲೀಟರ್ ನೀರಿಗೆ ಸುಮಾರು 4 ಗ್ರಾಂ ಎಪ್ಸಮ್ ಸಾಲ್ಟ್ ಕರಗಿಸಿ ಎಲೆಗೆ ಸಿಂಪಡಿಸಿ. ಲಕ್ಷಣ ಇಲ್ಲದೆ ಸುಮ್ಮನೆ ಹಾಕಿದರೆ ಲಾಭ ಇಲ್ಲ.

ಪೊಟ್ಯಾಷ್‌ಗೆ ನಾನು ಸೌದೆ ಬೂದಿ ಕೊಡುತ್ತೇನೆ. ಬಳ್ಳಿಗೆ ಒಂದು ಹಿಡಿ, ಬುಡದಿಂದ ಗೇಣು ದೂರಕ್ಕೆ, ಮಣ್ಣಿನಲ್ಲಿ ಬೆರೆಸಿ ನೀರು. ಬೆಳೆಗೆ ಒಂದೆರಡು ಸಲ ಸಾಕು, ಯಾಕೆಂದರೆ ಬೂದಿ ಮಣ್ಣನ್ನು ಕ್ಷಾರ ಮಾಡುತ್ತದೆ. ಸೌತೆಗೆ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6ರಿಂದ 6.8 ಇದ್ದರೆ ಚಂದ. ಬಣ್ಣ ಬಳಿದ ಮರ, ಪ್ಲಾಸ್ಟಿಕ್ ಸುಟ್ಟ ಬೂದಿ ಬೇಡ. ಮುಖ್ಯವಾದ ಮಾತು: ಬೂದಿ ಮತ್ತು ಯೂರಿಯಾ ಒಟ್ಟಿಗೆ ಬೇಡ. ನಾನು ಎರಡನ್ನೂ ಒಂದೇ ಬಕೆಟ್‌ನಲ್ಲಿ ಕಲಸಿಟ್ಟು ಮರೆತಿದ್ದೆ. ಆಮೇಲೆ ಮುಚ್ಚಳ ತೆಗೆದರೆ ಕಣ್ಣು ಉರಿಯುವಷ್ಟು ಅಮೋನಿಯಾ ಘಾಟು. ಕೊಟ್ಟ ಸಾರಜನಕ ಗಾಳಿಗೆ ಹೋಗುತ್ತಿತ್ತು, ಅಷ್ಟೇ.

ಅಂಗಡಿ ಗೊಬ್ಬರ ಬೇಡ ಅನ್ನುವವನಲ್ಲ ನಾನು. ಕುಂಡದಲ್ಲಿ ನೀರಿನ ಜೊತೆ ಸತ್ವವೂ ಸೋರಿಹೋಗುತ್ತದೆ. ಕಾಯಿ ಕಚ್ಚಿದ ಮೇಲೆ ಎರಡು ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ, ನೀರಿನಲ್ಲಿ ಕರಗುವ ಗೊಬ್ಬರ), ಲೀಟರಿಗೆ 2 ಗ್ರಾಂ, ಒದ್ದೆ ಮಣ್ಣಿಗೆ ಕೊಡುತ್ತೇನೆ. ನೆಲದ ಬಳ್ಳಿಗೆ ತಿಂಗಳಿಗೆ ಎರಡು ಹಿಡಿ ಎರೆಗೊಬ್ಬರ ಬಿಟ್ಟರೆ ಬೇರೆ ಕೊಡುವುದಿಲ್ಲ.

ಕೇಳಿದವರು, ಮರುದಿನ:

ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆ ನಿಂತು ನೋಡಿದೆ, ಒಂದೇ ಒಂದು ಜೇನು ಬಂದು ಎರಡು ಹೂ ಮುಟ್ಟಿ ಹೋಯ್ತು. ಐದು ಹೆಣ್ಣು ಹೂವಿಗೆ ನಾನೇ ಸವರಿ ಕೆಂಪು ದಾರ ಕಟ್ಟಿದ್ದೇನೆ. ಹಿಟ್ಟು ಬೆರಳಿಗೆ ಅಂಟಿತು, ಬೂದಿ ರೋಗವೇ. ಆದರೆ ಒಂದು ಬಳ್ಳಿಯಲ್ಲಿ ಬೇರೆ ಥರ ಇದೆ. ನರಗಳ ನಡುವೆ ಚೌಕ ಚೌಕವಾಗಿ ಹಳದಿ, ಎಲೆ ತಿರುಗಿಸಿದರೆ ಬೂದು ಬಣ್ಣದ ತುಪ್ಪಟ. ಅದಕ್ಕೂ ಹಾಲಾ?

ಹಾಲಿನವರು:

ಅಲ್ಲ, ಅದು ಬೂಜು ರೋಗ. ಹಾಲನ್ನು ನಂಬಿ ಕೂರಬೇಡಿ. ಅದು ಎಲೆ ಒದ್ದೆಯಿದ್ದಾಗ ಬೇಗ ಹರಡುತ್ತದೆ. ಆ ಎಲೆಗಳನ್ನು ಇವತ್ತೇ ತೆಗೆದು ದೂರ ಎಸೆಯಿರಿ, ಕಾಂಪೋಸ್ಟ್‌ಗೂ ಬೇಡ. ಚಪ್ಪರದಲ್ಲಿ ಗಾಳಿ ಆಡುವ ಹಾಗೆ ಬಳ್ಳಿ ಬಿಡಿಸಿ ಕಟ್ಟಿ. ಉಳಿದ ಬಳ್ಳಿಗೆ ಬರದ ಹಾಗೆ ತಾಮ್ರದ ಔಷಧಿ ಹೊಡೆಯಬಹುದು, ಲೇಬಲ್‌ನಲ್ಲಿ ಬರೆದಷ್ಟೇ. ಹಿಡಿದ ಬಳ್ಳಿ ಉಳಿಸಲು ತುಂಬಾ ಒದ್ದಾಡಬೇಡಿ. ಇನ್ನೂ ಐದು ಇವೆ ಅಲ್ವಾ?

ಕೇಳಿದವರು, ಹನ್ನೊಂದನೇ ದಿನ:

ಆ ಒಂದು ಬಳ್ಳಿ ಕಿತ್ತೆ. ಕೆಂಪು ದಾರದ ಐದರಲ್ಲಿ ಮೂರು ನಿಂತಿವೆ, ಒಂದು ಗೇಣುದ್ದ ಆಗಿದೆ, ನೆಟ್ಟಗೆ! ಹೊಸ ಎಲೆಗಳಲ್ಲಿ ಬಿಳಿ ಮಚ್ಚೆ ಕಾಣುತ್ತಿಲ್ಲ. ಕೊಕ್ಕೆ ಕಾಯಿ ದಪ್ಪಗಾಗಿ ಹಳದಿ ತಿರುಗಿದೆ. ಅದನ್ನು ಬೀಜಕ್ಕೆ ಬಿಡಲಾ?

ಮೊದಲು ಉತ್ತರಿಸಿದವರು:

ಬೇಡ, ಈಗಲೇ ಕೀಳಿ. ಒಂದು ಕಾಯಿ ಹಣ್ಣಾದರೂ ಬಳ್ಳಿಗೆ ಕೆಲಸ ಮುಗಿಯಿತು ಅನ್ನಿಸಿ ಹೊಸ ಕಾಯಿ ಬಿಡುವುದು ಕಡಿಮೆಯಾಗುತ್ತದೆ. ಗೇಣುದ್ದದ್ದನ್ನೂ ಇವತ್ತೇ ಕೊಯ್ಯಿರಿ, ತಿರುಚಿ ಎಳೆಯಬೇಡಿ, ಕತ್ತರಿ ಹಾಕಿ.