ಆರ್ವೊ ಪ್ಯಾರ್ಟ್ ‘ಟ್ಯಾಬುಲಾ ರಾಸಾ’ ಸಿಡಿ: ಕೊನೆಯ ಗಂಟೆಯ ನಾದ ಕಟ್ ಆಗುತ್ತಿದೆ

ಬಸವನಗುಡಿ_ಕೇಳುಗ: ನಮಸ್ಕಾರ. ಎಸ್ಟೋನಿಯಾದ ಸಂಗೀತ ರಚನಕಾರ ಪ್ಯಾರ್ಟ್ ಅವರ ಕೃತಿಗಳ ಈ ಆಲ್ಬಮ್ಮನ್ನು ಇಸಿಎಂ ರೆಕಾರ್ಡ್ ಕಂಪನಿ 1984ರಲ್ಲಿ ತಂದಿತ್ತು. ಅದರ ಸಿಡಿಯಿಂದ ಫ್ಲ್ಯಾಕ್ (ಗುಣಮಟ್ಟ ಕಳೆಯದ ಆಡಿಯೊ) ಫೈಲ್ ಮಾಡಿಕೊಂಡಿದ್ದೇನೆ. ಫೋನಿಗೆ ಹಾಕಿ, ಬ್ಲೂಟೂತ್ ಹೆಡ್‌ಫೋನಿನಲ್ಲಿ ಮೆಟ್ರೋದಲ್ಲಿ ಕೇಳುತ್ತೇನೆ. ಅದರಲ್ಲಿನ ‘ಕ್ಯಾಂಟಸ್’ ಎಂಬ ಕೃತಿಯ ಶುರುವಿನ ಗಂಟೆಯ ಸದ್ದು ಕೇಳಿಸುವುದಿಲ್ಲ. ಕೊನೆಯಂತೂ ಪಟ್ ಅಂತ ನಿಂತು ಮುಂದಿನ ಟ್ರ್ಯಾಕ್ ಬರುತ್ತದೆ. ‘ಟ್ಯಾಬುಲಾ ರಾಸಾ’ ಎಂಬ ಕೃತಿಯಲ್ಲಿ ಆಗಾಗ ಲೋಹ ಬಡಿದಂಥ ಸದ್ದು ಬೇರೆ. ಸಿಡಿ ಮೇಲೆ ಗೀರೇನೂ ಇಲ್ಲ. ಫೈಲ್ ಕೆಟ್ಟಿದೆಯಾ?

ಪಿಟೀಲು_ಪ್ರಿಯ: ಲೋಹದ ಸದ್ದಿನ ಬಗ್ಗೆ ಚಿಂತೆ ಬೇಡ ಸರ್. ಅದು ಪ್ರಿಪೇರ್ಡ್ ಪಿಯಾನೊ. ತಂತಿಗಳ ನಡುವೆ ಸ್ಕ್ರೂ ಸಿಕ್ಕಿಸಿ ನುಡಿಸುತ್ತಾರೆ. ಈ ರೆಕಾರ್ಡಿಂಗಿನಲ್ಲಿ ನುಡಿಸಿರುವುದು ಆಲ್ಫ್ರೆಡ್ ಶ್ನಿಟ್ಕೆ, ಅವರೂ ದೊಡ್ಡ ಸಂಗೀತ ರಚನಕಾರರೇ.

ಕೊನೆ ಕಟ್ ಆಗುವುದಕ್ಕೆ ಪ್ಲೇಯರ್ ಸೆಟ್ಟಿಂಗ್ ನೋಡಿ. ‘ಕ್ರಾಸ್‌ಫೇಡ್’, ‘ಸ್ಕಿಪ್ ಸೈಲೆನ್ಸ್’ ಎರಡನ್ನೂ ಆಫ್ ಮಾಡಿ. ಮೊದಲನೆಯದು ಒಂದು ಟ್ರ್ಯಾಕಿನ ಕೊನೆಯನ್ನು ಮುಂದಿನದರ ಶುರುವಿನೊಂದಿಗೆ ಬೆರೆಸುತ್ತದೆ, ಎರಡನೆಯದು ಸದ್ದಿಲ್ಲದ ಜಾಗವನ್ನು ಹಾರಿಸಿಬಿಡುತ್ತದೆ. ‘ಕ್ಯಾಂಟಸ್’ಗೆ ಅವು ನಿಜವಾಗಿ ಅನ್ಯಾಯ ಮಾಡುತ್ತವೆ. 1976ರಲ್ಲಿ ತೀರಿಕೊಂಡ ಇಂಗ್ಲಿಷ್ ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ ನೆನಪಿಗೆ ಪ್ಯಾರ್ಟ್ ಬರೆದದ್ದು ಇದು. ತಂತಿವಾದ್ಯಗಳು ಒಂದೇ ಸ್ವರಶ್ರೇಣಿಯನ್ನು ಬೇರೆ ಬೇರೆ ವೇಗದಲ್ಲಿ ಇಳಿಸುತ್ತಾ ಹೋಗುತ್ತವೆ, ಸದ್ದು ಏರುತ್ತಾ ಹೋಗುತ್ತದೆ. ಕೊನೆಗೆ ಎಲ್ಲರೂ ಜೋರಾಗಿ ಹಿಡಿದು ನಿಂತಾಗ ಗಂಟೆಯನ್ನು ಮೆಲ್ಲಗೆ ಬಾರಿಸುತ್ತಾರೆ. ಆ ಪೆಟ್ಟು ಆಗ ಕಿವಿಗೆ ಬೀಳುವುದೇ ಇಲ್ಲ. ತಂತಿಗಳು ನಿಂತ ಮೇಲೆ ಗಂಟೆಯ ಅನುರಣನ ಒಂದೇ ಉಳಿದು, ನಿಧಾನವಾಗಿ ಕರಗುತ್ತದೆ. ಇಡೀ ಕೃತಿ ಸಾಗಿ ಬಂದದ್ದೇ ಅಲ್ಲಿಗೆ. ದಯವಿಟ್ಟು ಅದನ್ನು ಪೂರ್ತಿ ಕೇಳಿ.

ಶುರುವಿನ ಗಂಟೆ ಬಹಳ ಮೆಲುದನಿ. ಕೆಲವು ಬ್ಲೂಟೂತ್ ಹೆಡ್‌ಫೋನುಗಳು ಸದ್ದಿಲ್ಲದಾಗ ಮಲಗಿಬಿಡುತ್ತವೆ, ಎಚ್ಚರಾಗುವಷ್ಟರಲ್ಲಿ ಮೊದಲ ಕ್ಷಣ ಹೋಗಿರುತ್ತದೆ. ವೈರ್ ಇರುವ ಹೆಡ್‌ಫೋನ್ ಹಾಕಿ ನೋಡಿ.

ಜಯನಗರ_ರಾತ್ರಿಪಾಳಿ: ಮೆಟ್ರೋದಲ್ಲಿ ಇದನ್ನು ಕೇಳಬೇಡಿ ಅಂತಲೇ ನನ್ನ ಸಲಹೆ. ಮೆಲುದನಿ ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ ಕೊನೆಯಲ್ಲಿ ಕಿವಿಗೆ ಪೆಟ್ಟು. ನಮ್ಮೂರಲ್ಲಿ ಹಗಲು ಮನೆಯೊಳಗೂ ಹಾರ್ನ್ ತಪ್ಪಿದ್ದಲ್ಲ. ರಾತ್ರಿ ಕಿಟಕಿ ಮುಚ್ಚಿ ಕೇಳಿ. ಮೊದಲು ಜೋರಾದ ಭಾಗ ಹಾಕಿ ವಾಲ್ಯೂಮ್ ಹೊಂದಿಸಿ, ಆಮೇಲೆ ಶುರುವಿನಿಂದ ಹಾಕಿ. ವಾಲ್ಯೂಮ್ ಸಮ ಮಾಡುವ ಆಯ್ಕೆ ಇದ್ದರೆ ಅದನ್ನೂ ತೆಗೆಯಿರಿ.

ಬಸವನಗುಡಿ_ಕೇಳುಗ: ಕ್ರಾಸ್‌ಫೇಡ್ ಆನ್ ಇತ್ತು, ಆಫ್ ಮಾಡಿದೆ. ಕೊನೆಯ ಗಂಟೆ ಈಗ ಪೂರ್ತಿ ಬರುತ್ತಿದೆ, ಎಂಥಾ ನಾದ! ವೈರ್ ಹಾಕಿದರೆ ಶುರುವಿನದೂ ಕೇಳಿಸುತ್ತಿದೆ. ಆದರೆ ‘ಟ್ಯಾಬುಲಾ ರಾಸಾ’ ಕೊನೆಯಲ್ಲೂ ಡಬಲ್ ಬಾಸ್ ನಡುವೆಯೇ ನಿಂತ ಹಾಗಿದೆಯಲ್ಲಾ?

ಪಿಟೀಲು_ಪ್ರಿಯ: ಅದು ಸರಿಯಾಗಿಯೇ ಇದೆ. ಎರಡನೇ ಭಾಗದ ಹೆಸರೇ ‘ಸಿಲೆನ್ಶಿಯಮ್’, ಅಂದರೆ ಮೌನ. ಕೊನೆಯ ಮೌನವನ್ನೂ ಪ್ಯಾರ್ಟ್ ಸ್ವರಲಿಪಿಯಲ್ಲಿ ಬರೆದಿದ್ದಾರೆ. ಫೈಲ್ ಮುಗಿಯುವವರೆಗೆ ಬೇರೇನೂ ಹಾಕಬೇಡಿ.