ಅಪ್‌ಡೇಟ್: ಲೈಬ್ರರಿಯಲ್ಲಿ ಕಳೆದ ಫೋನ್, ಸಿಮ್ ಮತ್ತು ದೂರು
ಕ್ಯಾಂಪಸ್ಸಿನಲ್ಲಿ ಫೋನ್ ಕಳೆದರೆ ಸಿಮ್ ಮೊದಲೋ ಪೊಲೀಸ್ ದೂರು ಮೊದಲೋ ಎಂದು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಸಿಮ್ಮೇ ಮೊದಲು.

ಕಸ್ಟಮರ್ ಕೇರ್‌ಗೆ ಹೇಳಿ ಹಳೇ ಸಿಮ್ ನಿಲ್ಲಿಸಿ, ಆಧಾರ್ ತೋರಿಸಿ ಡೂಪ್ಲಿಕೇಟ್ ತಗೊಳ್ಳಿ. ಎಡವುವುದು ಇಲ್ಲೇ: ಹೊಸ ಸಿಮ್ ಚಾಲೂ ಆದರೂ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ, ಅಂದರೆ ಒಟಿಪಿಯೂ ಇಲ್ಲ. ಪರೀಕ್ಷಾ ಶುಲ್ಕದ ಕೊನೇ ದಿನ ಹತ್ತಿರವಿದ್ದರೆ ಆಫೀಸಿಗೆ ಮೊದಲೇ ತಿಳಿಸಿಬಿಡಿ. ಬ್ಯಾಂಕಿಗೂ ಫೋನ್ ಮಾಡಿ ಯುಪಿಐ ನಿಲ್ಲಿಸಿ.

ಆ ಒಂದು ದಿನದಲ್ಲಿ ದೂರು ಮುಗಿಸಬಹುದು. ಕರ್ನಾಟಕ ಪೊಲೀಸರ ಇ-ಲಾಸ್ಟ್ ರಿಪೋರ್ಟ್ (ಆನ್‌ಲೈನ್‌ನಲ್ಲೇ ಕೊಡುವ ದೂರು) ಕಳೆದುಹೋದ ವಸ್ತುಗಳಿಗೆ ಮಾತ್ರ. ಯಾರೋ ಕದ್ದದ್ದು ಅಂತ ಗೊತ್ತಿದ್ದರೆ ಠಾಣೆಯಲ್ಲಿ ಎಫ್‌ಐಆರ್ ಆಗಬೇಕು. ಸೆಕ್ಯೂರಿಟಿ ಆಫೀಸಿನ ರಿಜಿಸ್ಟರ್‌ನಲ್ಲಿ ಬರೆದದ್ದು ಪೊಲೀಸ್ ದೂರು ಆಗುವುದಿಲ್ಲ.

ಬಳಿಕ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ, ಕಳೆದ ಫೋನ್ ಯಾವ ಸಿಮ್ ಹಾಕಿದರೂ ನಡೆಯದಂತೆ ತಡೆಯುವ ಸಿಇಐಆರ್ ಪುಟದಲ್ಲಿ ದೂರಿನ ಪ್ರತಿ, ಗುರುತಿನ ಚೀಟಿ, ಬಿಲ್ ಹಾಕಿ ಬ್ಲಾಕ್ ಕೋರಿ. ಎರಡು ಸಿಮ್ಮಿನ ಫೋನಿಗೆ 15 ಅಂಕಿಯ ಐಎಂಇಐ (ಫೋನಿನ ಗುರುತಿನ ನಂಬರ್) ಎರಡಿರುತ್ತವೆ, ಎರಡನ್ನೂ ತುಂಬಿ. ನಂಬರ್ ಫೋನಿನ ಡಬ್ಬಿಯ ಮೇಲಿರುತ್ತದೆ (ಡಬ್ಬಿ ಬಿಸಾಡಿದವರು ಬಿಲ್ಲಿನಲ್ಲಿ ಹುಡುಕಿ). ಫೋನ್ ಇನ್ನೂ ಕೈಯಲ್ಲಿರುವವರು ಇವತ್ತೇ *#06# ಒತ್ತಿ ಬರೆದಿಟ್ಟುಕೊಳ್ಳಿ. ರಿಕ್ವೆಸ್ಟ್ ಐಡಿ ಜೋಪಾನ, ಫೋನ್ ಸಿಕ್ಕಾಗ ಅನ್‌ಬ್ಲಾಕ್ ಮಾಡಲು ಅದೇ ಬೇಕು.